ಎಲೆ ಹಾಕುವ ಮೊದಲೇ ಬಡಿಸಿದ ಅನ್ನ

(ಅಥವಾ ಲಿನಕ್ಸ್ ಸ್ಥಾಪನೆಯಲ್ಲಿ ‘ಬೂಟ್’ ಡೈರೆಕ್ಟರಿಯ ಕಥೆ)

ಗುಂಡಿ ಒತ್ತಿದ ಕ್ಷಣದಿಂದ ಪರದೆಯ ಮೇಲೆ ಚಿತ್ರ ಮೂಡುವವರೆಗಿನ ಅರ್ಧ ನಿಮಿಷದಲ್ಲಿ ಕಂಪ್ಯೂಟರಿನ ಒಳಗೆ ಏನು ನಡೆಯುತ್ತದೆಂದು ನಾವು ಯಾರೂ ಸಾಮಾನ್ಯವಾಗಿ ಯೋಚಿಸುವುದಿಲ್ಲ. ಊಟಕ್ಕೆ ಕುಳಿತವನು ಒಲೆಯ ವಿಚಾರ ಯೋಚಿಸುವನೇ? ಆದರೆ ಆ ಅರ್ಧ ನಿಮಿಷವೇ ಮುಗಿಯದೆ ನಿಂತುಬಿಟ್ಟರೆ, ಅದರ ಹಿಂದಿನ ಇಡೀ ಏರ್ಪಾಡನ್ನು ತಿಳಿದುಕೊಳ್ಳದೆ ಗತ್ಯಂತರವಿರುವುದಿಲ್ಲ. ನನಗೆ ಅಂಥದೊಂದು ಪ್ರಸಂಗ ಬಂದಿತು. ತಪ್ಪು ನನ್ನದೇ. ಅದನ್ನು ಮುಚ್ಚಿಡುವುದಕ್ಕಿಂತ ಸಹಪಾಠಿಗಳ ಮುಂದೆ ಬಿಚ್ಚಿಡುವುದು ಲೇಸೆಂದು ಈ ಲೇಖನ ಬರೆಯುತ್ತಿದ್ದೇನೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುತ್ತಿರುವವನು. ಆದುದರಿಂದ ಇಲ್ಲಿ ಹೇಳುವುದನ್ನೆಲ್ಲ ನಮ್ಮಂಥವರಿಗೆ ತಿಳಿಯುವ ಮಾತಿನಲ್ಲಿಯೇ ಹೇಳಲು ಯತ್ನಿಸುತ್ತೇನೆ. ಯಂತ್ರಕ್ಕೆ ಕೊಡುವ ಆಜ್ಞೆಗಳನ್ನೂ ಕನ್ನಡ ಅಕ್ಷರಗಳಲ್ಲಿಯೇ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಮಾತ್ರ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು.

ನಮ್ಮ ಕನ್ನಡ ವಿಭಾಗದ ಕೋಣೆಯಲ್ಲಿ ಎಂಟು ಹಳೆಯ ಕಂಪ್ಯೂಟರುಗಳಿವೆ. ಅವುಗಳಲ್ಲಿ ವಿಂಡೋಸ್ ೧೦ ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ನ್ನು ಹೊರುವ ಶಕ್ತಿ ಆ ಯಂತ್ರಗಳಿಗಿಲ್ಲ. ಹೀಗಿರಲು ನಮ್ಮ ಅಧ್ಯಾಪಕರೊಬ್ಬರು ನನ್ನನ್ನು ಕರೆದು, “ನೀನು ಲಿನಕ್ಸ್ ಲಿನಕ್ಸ್ ಎನ್ನುತ್ತಿರುತ್ತೀಯಲ್ಲ, ಇವುಗಳಿಗೆ ಹಾಕಿ ತೋರಿಸು ನೋಡೋಣ” ಎಂದರು. ದೀಪಾವಳಿಯ ರಜೆಯಲ್ಲಿ ನಾನೂ ನನ್ನ ಸ್ನೇಹಿತನೊಬ್ಬನೂ ಆ ಕೆಲಸಕ್ಕೆ ತೊಡಗಿದೆವು.

ಲಿನಕ್ಸ್ ಹುಟ್ಟಿದುದು ಒಬ್ಬ ವಿದ್ಯಾರ್ಥಿಯ ಕೈಯಲ್ಲಿ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ೨೧ ವರ್ಷದ ತರುಣ ೧೯೯೧ರ ಆಗಸ್ಟ್‌ನಲ್ಲಿ ಅದರ ಸುದ್ದಿಯನ್ನು ಲೋಕಕ್ಕೆ ತಿಳಿಸಿದ. ಅದು ಅನುಸರಿಸಿದ ಮಾದರಿ ಯುನಿಕ್ಸ್. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದುದು. ಲಿನಕ್ಸ್‌ನಲ್ಲಿ ಅನೇಕ ಬಗೆಗಳುಂಟು. ನಾವು ಆರಿಸಿಕೊಂಡುದು ‘ಆರ್ಚ್ ಲಿನಕ್ಸ್’. ೨೦೦೨ರಲ್ಲಿ ಜಡ್ ವಿನೆಟ್ ಎಂಬಾತ ಆರಂಭಿಸಿದ ಈ ಬಗೆಯನ್ನು ಸ್ಥಾಪಿಸುವವನು ಒಂದೊಂದು ಹೆಜ್ಜೆಯನ್ನೂ ತಾನೇ ಇಡಬಹುದು. ಕಲಿಯುವವನಿಗೆ ಅದು ಒಳ್ಳೆಯ ಪಾಠಶಾಲೆ. ಆದರೆ ಪಾಠಶಾಲೆಯಲ್ಲಿ ಬೆತ್ತವೂ ಇರುತ್ತದೆಂಬುದು ನನಗಾಗ ತಿಳಿದಿರಲಿಲ್ಲ.

ಈಗ ಯಂತ್ರ ಏಳುವ ಕ್ರಮವನ್ನು ನೋಡೋಣ. ವಿದ್ಯುತ್ ಹರಿದ ಕೂಡಲೇ ಮೊದಲು ಎಚ್ಚರಗೊಳ್ಳುವುದು ಮುಖ್ಯ ಫಲಕದ ಚಿಪ್ಪಿನಲ್ಲಿರುವ ‘ಫರ್ಮ್‌ವೇರ್’ ಎಂಬ ಚಿಕ್ಕ ಕಾರ್ಯಕ್ರಮ. ಹಿಂದಿನ ಕಾಲದ ಫರ್ಮ್‌ವೇರಿಗೆ ಬಯಾಸ್ ಎಂದು ಹೆಸರು. ಅದು ಡಿಸ್ಕಿನ ಮೊದಲ ೫೧೨ ಬೈಟುಗಳನ್ನು ಓದಿ, ಅಲ್ಲಿ ಬರೆದಂತೆ ನಡೆಯುತ್ತಿತ್ತು. ಇಂದಿನದಕ್ಕೆ ಯುಇಎಫ್‌ಐ ಎಂದು ಹೆಸರು. ಇದು ಡಿಸ್ಕಿನಲ್ಲಿ ತನಗಾಗಿಯೇ ಮೀಸಲಾದ ಒಂದು ಪಾರ್ಟಿಷನನ್ನು ಹುಡುಕುತ್ತದೆ. ಡಿಸ್ಕನ್ನು ಹೊಲದಂತೆ ಭಾಗ ಮಾಡಿದಾಗ ಒಂದೊಂದು ಭಾಗಕ್ಕೂ ಪಾರ್ಟಿಷನ್ ಎನ್ನುತ್ತಾರೆ. ಯುಇಎಫ್‌ಐ ಓದುವ ಆ ಪಾರ್ಟಿಷನ್ ‘ಫ್ಯಾಟ್’ ಎಂಬ ಹಳೆಯ, ಸರಳ ರೀತಿಯಲ್ಲಿ ಅಣಿಗೊಂಡಿರಬೇಕು. ಏಕೆಂದರೆ ಫರ್ಮ್‌ವೇರಿಗೆ ಬರುವ ಲಿಪಿ ಅದು. ಅಲ್ಲಿ ‘ಬೂಟ್‌ಲೋಡರ್’ ಕಾದಿರುತ್ತದೆ. ನಮ್ಮ ಯಂತ್ರಗಳಲ್ಲಿ ಅದರ ಹೆಸರು ‘ಗ್ರಬ್’.

ಗ್ರಬ್ ಎದ್ದು ಹುಡುಕುವುದು ಎರಡು ಫೈಲುಗಳನ್ನು. ಒಂದು ‘ಕರ್ನಲ್’, ಎಂದರೆ ಲಿನಕ್ಸಿನ ತಿರುಳು. ಇನ್ನೊಂದು ‘ಇನಿಟ್‌ರಾಮ್‌ಎಫ್‌ಎಸ್’, ಎಂದರೆ ಪಯಣದ ಆರಂಭಕ್ಕೆ ಬೇಕಾದಷ್ಟು ಸಾಮಾನು ಕಟ್ಟಿದ ಬುತ್ತಿ. ಇವೆರಡೂ, ಇವು ಎಲ್ಲಿವೆಯೆಂದು ಗ್ರಬ್‌ಗೆ ತಿಳಿಸುವ ಪಟ್ಟಿಯೂ ಇರುವುದು ‘/ಬೂಟ್’ ಎಂಬ ಡೈರೆಕ್ಟರಿಯಲ್ಲಿ. ಕರ್ನಲ್ ಎದ್ದ ಮೇಲೆ ‘ಮೂಲ ಪಾರ್ಟಿಷನ್’ ತೆರೆದುಕೊಂಡು ಉಳಿದ ಸಂಸಾರವೆಲ್ಲ ನಡೆಯುತ್ತದೆ. ಇನ್ನೊಂದು ಸಂಗತಿಯನ್ನು ವಾಚಕರು ನೆನಪಿಡಬೇಕು. ಕರ್ನಲ್ ಎಲ್ಲ ವಿದ್ಯೆಯನ್ನೂ ತಲೆಯಲ್ಲಿ ಹೊತ್ತು ತಿರುಗುವುದಿಲ್ಲ. ಬೇಕಾದಾಗ ಕರೆದುಕೊಳ್ಳಲು ‘ಮಾಡ್ಯೂಲ್’ ಎಂಬ ಸಹಾಯಕರನ್ನು ಮೂಲ ಪಾರ್ಟಿಷನ್ನಿನಲ್ಲಿ ಇರಿಸಿರುತ್ತದೆ. ಫ್ಯಾಟ್ ಪಾರ್ಟಿಷನ್ನನ್ನು ಓದುವ ವಿದ್ಯೆಯೂ ಅಂಥ ಒಂದು ಮಾಡ್ಯೂಲಿನಲ್ಲಿದೆ. ಈ ಸಹಾಯಕರು ತಮ್ಮದೇ ಆವೃತ್ತಿಯ ಕರ್ನಲ್‌ನ ಮಾತನ್ನಷ್ಟೇ ಕೇಳುತ್ತಾರೆ.

ಇನ್ನು ‘ಮೌಂಟ್’ ಎಂಬ ಮಾತು. ವಿಂಡೋಸ್‌ನಲ್ಲಿ ಒಂದೊಂದು ಪಾರ್ಟಿಷನ್ನಿಗೂ ಸಿ, ಡಿ ಎಂಬ ಬೇರೆ ಬೇರೆ ಅಕ್ಷರಗಳಿರುವುದನ್ನು ನಾವು ಕಂಡಿದ್ದೇವೆ. ಯುನಿಕ್ಸ್ ಪರಂಪರೆಯಲ್ಲಿ ಹಾಗಿಲ್ಲ. ಅಲ್ಲಿರುವುದು ಒಂದೇ ಮರ. ಅದರ ಬುಡಕ್ಕೆ ‘/’ ಎಂಬ ಓರೆಗೆರೆಯೇ ಹೆಸರು. ಬೇರೊಂದು ಪಾರ್ಟಿಷನ್ ಬೇಕಾದರೆ ಆ ಮರದಲ್ಲಿರುವ ಯಾವುದಾದರೊಂದು ಡೈರೆಕ್ಟರಿಯ ಮೇಲೆ ಅದನ್ನು ಕೂರಿಸಬೇಕು. ಈ ಕೂರಿಸುವ ಕ್ರಿಯೆಯೇ ಮೌಂಟ್. ಕೂರಿಸಿದ ಮೇಲೆ ಆ ಡೈರೆಕ್ಟರಿಯೊಳಗೆ ಹೋದವನು ಹೊಸ ಪಾರ್ಟಿಷನ್ನಿನೊಳಕ್ಕೆ ಹೋದಂತೆ. ಮೊದಲು ಆ ಡೈರೆಕ್ಟರಿಯಲ್ಲಿ ಏನಾದರೂ ಇದ್ದರೆ ಅದು ನಾಶವಾಗುವುದಿಲ್ಲ, ಆದರೆ ಕಾಣುವುದೂ ಇಲ್ಲ. ಮೇಲಿನದನ್ನು ತೆಗೆಯುವ ತನಕ ಅಡಿಯಲ್ಲಿ ಮುಚ್ಚಿಕೊಂಡಿರುತ್ತದೆ. ನನ್ನ ಕಷ್ಟವೆಲ್ಲ ಅಡಗಿದ್ದುದು ಈ ಒಂದು ವಾಕ್ಯದಲ್ಲಿ.

‘/ಬೂಟ್’ ಡೈರೆಕ್ಟರಿಗೆ ಬೇರೆ ಪಾರ್ಟಿಷನ್ ಏಕೆ ಬೇಕೆಂದು ಕೇಳಬಹುದು. ಹಿಂದಿನ ಬಯಾಸ್‌ಗಳು ಡಿಸ್ಕಿನ ಮೊದಲ ೧೦೨೪ ಸಿಲಿಂಡರುಗಳಾಚೆ ಓದಲಾರದೆ ಇದ್ದುದರಿಂದ ಕರ್ನಲನ್ನು ಡಿಸ್ಕಿನ ಮುಂಭಾಗದ ಪುಟ್ಟ ಪಾರ್ಟಿಷನ್ನಿನಲ್ಲಿ ಇಡುವ ಪದ್ಧತಿ ಬಂದಿತು. ಆ ಕಾರಣ ಈಗ ಹೋಗಿದೆ. ಆದರೆ ಮೂಲ ಪಾರ್ಟಿಷನ್ನನ್ನು ಗುಪ್ತಲಿಪಿಯಲ್ಲಿ ಭದ್ರಪಡಿಸುವವರು ಈಗಲೂ ಬೂಟನ್ನು ಹೊರಗೆ ಬೇರೆ ಇಡುವುದುಂಟು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಲಾಗುವುದಿಲ್ಲವಷ್ಟೆ. ಮುಂದೊಂದು ದಿನ ಹಾಗೆ ಭದ್ರಪಡಿಸುವ ಉದ್ದೇಶ ನಮಗಿದ್ದುದರಿಂದ ಪ್ರತಿ ಯಂತ್ರದಲ್ಲಿಯೂ ಮೂರು ಪಾರ್ಟಿಷನ್‌ಗಳನ್ನು ಮಾಡಿದೆವು: ಒಂದನೆಯದು ಫರ್ಮ್‌ವೇರಿಗೆ, ಎರಡನೆಯದು ಬೂಟ್‌ಗೆ, ಮೂರನೆಯದು ಮೂಲಕ್ಕೆ.

ಒಂದು ಯಂತ್ರಕ್ಕೆ ಕೈಯಿಂದಲೇ ಹಾಕಿ ಮುಗಿಸಿದಾಗ ಮಧ್ಯಾಹ್ನವಾಗಿತ್ತು. ಉಳಿದ ಏಳಕ್ಕೂ ಅವೇ ಆಜ್ಞೆಗಳನ್ನು ಒತ್ತುತ್ತ ಕೂರುವುದು ಬೇಡವೆಂದು ಎಲ್ಲವನ್ನೂ ಒಂದು ಫೈಲಿನಲ್ಲಿ ಸಾಲಾಗಿ ಬರೆದೆ. ಹೀಗೆ ಬರೆದ ಆಜ್ಞೆಗಳ ಪಟ್ಟಿಗೆ ‘ಸ್ಕ್ರಿಪ್ಟ್’ ಎನ್ನುತ್ತಾರೆ. ಅದನ್ನು ಓಡಿಸಿದರೆ ಯಂತ್ರ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೇ ಮಾಡುತ್ತ ಹೋಗುತ್ತದೆ. ಪಾರ್ಟಿಷನ್‌ಗಳ ಹೆಸರನ್ನು ಪದೇ ಪದೇ ಬರೆಯಬಾರದೆಂದು ಒಂದೊಂದಕ್ಕೂ ಒಂದು ಅಡ್ಡಹೆಸರು ಕೊಟ್ಟೆ. ಬೀಜಗಣಿತದಲ್ಲಿ ಒಂದು ಮೊತ್ತಕ್ಕೆ ಅಕ್ಷರ ಕೊಡುವ ಹಾಗೆ. ಎಂಟು ಯಂತ್ರಗಳೂ ಒಂದೇ ಬಗೆಯಾಗಿರಲೆಂದು ಮೊದಲನೆಯದಕ್ಕೂ ಆ ಸ್ಕ್ರಿಪ್ಟನ್ನೇ ಮತ್ತೆ ಓಡಿಸಿದೆ. ಸಂಜೆಯ ಹೊತ್ತಿಗೆ ಎಂಟೂ ಸಿದ್ಧವಾದುವು. ಎಂಟೂ ಎದ್ದು ನಿಂತುವು. ಕನ್ನಡದ ಅಕ್ಷರಗಳು ಪರದೆಯ ಮೇಲೆ ಮುದ್ದಾಗಿ ಮೂಡಿದುವು. ಅಧ್ಯಾಪಕರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆನೆಂದು ಬೇರೆ ಹೇಳಬೇಕಾಗಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ಕಾಲೇಜಿನ ಇಂಟರ್ನೆಟ್ ಸಂಪರ್ಕ ನಿಧಾನವಾಗಿದ್ದುದರಿಂದ ಯಂತ್ರಗಳನ್ನು ನವೀಕರಿಸುವ ಗೋಜಿಗೆ ನಾನು ಹೋಗಿರಲಿಲ್ಲ. ಜನವರಿಯಲ್ಲಿ ಸಂಪರ್ಕ ಸುಧಾರಿಸಿತು. ಒಂದು ಸಂಜೆ ಎಂಟೂ ಯಂತ್ರಗಳನ್ನು ನವೀಕರಿಸಿ, ಆರಿಸಿ, ಮನೆಗೆ ಹೋದೆ. ಮಾರನೆಯ ದಿನ ಅಂತಿಮ ವರ್ಷದವರು ತಮ್ಮ ಕಿರುಪ್ರಬಂಧಗಳನ್ನು ಒಪ್ಪಿಸಬೇಕಾಗಿತ್ತು. ವೇಳೆ ಸಾಯಂಕಾಲ ನಾಲ್ಕು ಗಂಟೆ. ಅವರ ಬರಹವೆಲ್ಲ ಇದ್ದುದು ಆ ಎಂಟು ಯಂತ್ರಗಳಲ್ಲಿ.

ಬೆಳಗ್ಗೆ ಒಂಬತ್ತೂವರೆಗೆ ನಾನು ಕಾಲೇಜಿನ ಮೆಟ್ಟಿಲು ಹತ್ತುತ್ತಿರುವಾಗಲೇ ಅಂತಿಮ ವರ್ಷದ ಅಕ್ಕ ಒಬ್ಬರು ಎದುರು ಬಂದರು. “ಏನಪ್ಪಾ, ನಿನ್ನೆ ಚೆನ್ನಾಗಿಯೇ ಇತ್ತಲ್ಲ! ಈಗ ಕಪ್ಪು ಪರದೆಯ ಮೇಲೆ ಏನೋ ಇಂಗ್ಲಿಷ್ ಬರೆದುಕೊಂಡು ಸುಮ್ಮನೆ ಕೂತಿದೆ. ನನ್ನ ಅರವತ್ತು ಪುಟ ಅದರೊಳಗಿದೆ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಕೋಪವೇ ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಒಳಗೆ ಹೋಗಿ ನೋಡಿದರೆ ಒಂದಲ್ಲ, ಎರಡಲ್ಲ, ಎಂಟೂ ಯಂತ್ರಗಳು ‘ತುರ್ತು ಸ್ಥಿತಿ’ ಎಂಬ ಸಂದೇಶ ತೋರಿಸಿ ನಿಂತಿದ್ದುವು.

ಮೊದಲ ಯಂತ್ರದ ಮುಂದೆ ಕುಳಿತು ಅದರ ದಿನಚರಿಯನ್ನು ಓದಿದೆ. ಒಂದು ಸಾಲು ಕಣ್ಣಿಗೆ ಬಿತ್ತು: ಫರ್ಮ್‌ವೇರಿನ ಪಾರ್ಟಿಷನ್ನನ್ನು ಮೌಂಟ್ ಮಾಡಲು ಹೋದಾಗ, ‘ವಿಫ್ಯಾಟ್’ ಎಂಬ ಬಗೆಯೇ ನನಗೆ ಗೊತ್ತಿಲ್ಲ ಎಂದು ಕರ್ನಲ್ ಹೇಳಿತ್ತು. ನಿನ್ನೆಯವರೆಗೆ ಗೊತ್ತಿದ್ದುದು ಇಂದು ಮರೆತುಹೋಗುವುದೆಂದರೇನು? ಎದ್ದಿರುವ ಕರ್ನಲ್ ಯಾವ ಆವೃತ್ತಿಯದೆಂದು ‘ಯುನೇಮ್ -ಆರ್’ ಎಂಬ ಆಜ್ಞೆಯಿಂದ ಕೇಳಿದೆ. ದೀಪಾವಳಿಯಲ್ಲಿ ಹಾಕಿದ ಹಳೆಯ ಆವೃತ್ತಿಯ ಸಂಖ್ಯೆ ಬಂದಿತು. ಮಾಡ್ಯೂಲುಗಳ ಡೈರೆಕ್ಟರಿಯನ್ನು ನೋಡಿದೆ. ಅಲ್ಲಿದ್ದುದು ಹೊಸ ಆವೃತ್ತಿ ಮಾತ್ರ. ಆರ್ಚ್ ಲಿನಕ್ಸ್ ಕರ್ನಲನ್ನು ನವೀಕರಿಸುವಾಗ ಹಳೆಯ ಮಾಡ್ಯೂಲುಗಳನ್ನು ತೆಗೆದು ಹೊಸವನ್ನು ಇಡುತ್ತದೆ. ಎಂದರೆ ಯಜಮಾನ ಹಳಬ, ಆಳುಗಳೆಲ್ಲ ಹೊಸಬರು. ಕರೆದರೆ ಯಾರೂ ಓಗೊಡರು.

ಹಾಗಾದರೆ ಹಳೆಯ ಕರ್ನಲ್ ಬಂದುದು ಎಲ್ಲಿಂದ? ‘/ಬೂಟ್’ ಡೈರೆಕ್ಟರಿಯಲ್ಲಿ ನೋಡಿದರೆ ಹೊಸ ಕರ್ನಲ್ ಸ್ವಸ್ಥವಾಗಿ ಕುಳಿತಿತ್ತು. ಗ್ರಬ್ ಅದನ್ನು ಮುಟ್ಟಿಯೇ ಇರಲಿಲ್ಲ. ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಒಂದು ಯೋಚನೆ ಹೊಳೆಯಿತು. ‘/ಬೂಟ್’ ಮೇಲೆ ಕೂತಿದ್ದ ಪಾರ್ಟಿಷನ್ನನ್ನು ಇಳಿಸಿ ಅದೇ ಡೈರೆಕ್ಟರಿಯನ್ನು ಮತ್ತೆ ನೋಡಿದೆ. ಖಾಲಿ ಇರಬೇಕಾದ ಆ ಜಾಗದಲ್ಲಿ ಹಳೆಯ ಕರ್ನಲ್, ಹಳೆಯ ಬುತ್ತಿ, ಗ್ರಬ್ ಓದುವ ಹಳೆಯ ಪಟ್ಟಿ ಮೂರೂ ಇದ್ದುವು!

ಮನೆಯಿಂದ ಸ್ಕ್ರಿಪ್ಟನ್ನು ತರಿಸಿ ಒಂದೊಂದೇ ಸಾಲು ಓದಿದೆ. ಬೂಟ್ ಪಾರ್ಟಿಷನ್ನಿನ ಅಡ್ಡಹೆಸರು ಅದರಲ್ಲಿ ಮೂರು ಕಡೆ ಬಂದಿತ್ತು. ಅದನ್ನು ಫಾರ್ಮ್ಯಾಟ್ ಮಾಡುವ ಸಾಲಿನಲ್ಲಿ ಹೆಸರು ಸರಿಯಾಗಿತ್ತು. ಯಂತ್ರ ಏಳುವಾಗಲೆಲ್ಲ ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಎಂಬ ಪಟ್ಟಿಗೆ ಬರೆಯುವ ಸಾಲಿನಲ್ಲಿಯೂ ಸರಿಯಾಗಿತ್ತು. ನಡುವೆ, ಸ್ಥಾಪನೆಯ ವೇಳೆಯಲ್ಲಿ ಮೌಂಟ್ ಮಾಡುವ ಸಾಲಿನಲ್ಲಿ ಮಾತ್ರ ಒಂದಕ್ಷರ ಬಿಟ್ಟುಹೋಗಿತ್ತು. ಆ ತಪ್ಪು ಹೆಸರಿಗೆ ಬೆಲೆಯೇ ಕೊಟ್ಟಿರಲಿಲ್ಲವಾದ್ದರಿಂದ ಯಂತ್ರ ಅದನ್ನು ಶೂನ್ಯವೆಂದು ತಿಳಿಯಿತು. ಮೌಂಟ್ ಆಜ್ಞೆ ಸೋತು ಒಂದು ಸಾಲು ದೂರು ಹೇಳಿತು. ಆ ದೂರು ಮುಂದೆ ಬಂದ ನೂರಾರು ಸಾಲುಗಳ ಪ್ರವಾಹದಲ್ಲಿ ಕೊಚ್ಚಿಹೋಯಿತು. ಸ್ಕ್ರಿಪ್ಟು ನಿಲ್ಲಲಿಲ್ಲ. ಒಂದು ಆಜ್ಞೆ ಸೋತರೂ ಮುಂದಿನದಕ್ಕೆ ಹೋಗುವುದೇ ಅದರ ಸಹಜ ಸ್ವಭಾವ.

ಆಮೇಲೆ ನಡೆದುದು ಹೀಗೆ. ಬೂಟ್ ಪಾರ್ಟಿಷನ್ ಕೂರದೆ ಇದ್ದುದರಿಂದ ಕರ್ನಲೂ ಉಳಿದ ಫೈಲುಗಳೂ ಮೂಲ ಪಾರ್ಟಿಷನ್ನಿನಲ್ಲಿದ್ದ ಬರಿಯ ‘/ಬೂಟ್’ ಡೈರೆಕ್ಟರಿಯೊಳಗೆ ಬಿದ್ದುವು. ಗ್ರಬ್ ಅದೇ ಜಾಗವನ್ನು ವಿಳಾಸವಾಗಿ ಬರೆದುಕೊಂಡಿತು. ಯಂತ್ರ ಏಳುವಾಗ ಎಫ್‌ಎಸ್‌ಟ್ಯಾಬ್ ಹೇಳಿದಂತೆ ಖಾಲಿ ಬೂಟ್ ಪಾರ್ಟಿಷನ್ ಬಂದು ಆ ಡೈರೆಕ್ಟರಿಯ ಮೇಲೆ ಕುಳಿತಿತು. ಕೆಳಗಿನ ಫೈಲುಗಳು ಮುಚ್ಚಿಹೋದುವು. ಆದರೆ ಗ್ರಬ್ ಏಳುವುದು ಈ ಮೌಂಟ್‌ಗಳೆಲ್ಲ ನಡೆಯುವುದಕ್ಕಿಂತ ಮೊದಲು. ಅದಕ್ಕೆ ಕೆಳಗಿನದು ಯಥಾಪ್ರಕಾರ ಕಾಣುತ್ತಿತ್ತು. ಆದುದರಿಂದ ಎರಡು ತಿಂಗಳು ಎಲ್ಲವೂ ಸುಸೂತ್ರ! ನವೀಕರಣದ ದಿನ ಹೊಸ ಕರ್ನಲ್ ಹೋದುದು ಮೇಲಿನ ಪಾರ್ಟಿಷನ್ನಿಗೆ. ಗ್ರಬ್ ಮಾತ್ರ ಕೆಳಗಿನ ಹಳೆಯದನ್ನೇ ಎಬ್ಬಿಸಿತು.

ನಾನು ಇಷ್ಟನ್ನೂ ಅಧ್ಯಾಪಕರಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು: “ಅಂದರೆ ಎಲೆ ಹಾಕುವ ಮೊದಲೇ ಅನ್ನ ಬಡಿಸಿಬಿಟ್ಟೆ, ಆಮೇಲೆ ಅದರ ಮೇಲೆ ಎಲೆ ಹಾಸಿದೆ ಅನ್ನು.” ಇದಕ್ಕಿಂತ ಚೆನ್ನಾಗಿ ಯಾವ ಗ್ರಂಥವೂ ಹೇಳಲಾರದು. ಸ್ಕ್ರಿಪ್ಟೆಂಬುದು ಪಂಕ್ತಿಯಲ್ಲಿ ಕಣ್ಣು ಮುಚ್ಚಿಕೊಂಡು ಬಡಿಸುತ್ತ ಓಡುವವನು. ಎಲೆ ಇದೆಯೋ ಇಲ್ಲವೋ ಎಂದು ಅವನು ನೋಡುವುದಿಲ್ಲ. ನೋಡೆಂದು ನಾವೇ ಹೇಳಿರಬೇಕು.

ಅವರು ಮತ್ತೊಂದು ಪ್ರಶ್ನೆ ಕೇಳಿದರು: “ಹುಡುಗರ ಬರಹ?” ಅದು ಮೂಲ ಪಾರ್ಟಿಷನ್ನಿನಲ್ಲಿ ಕ್ಷೇಮವಾಗಿತ್ತು. ರಿಪೇರಿಯೂ ದೊಡ್ಡದಲ್ಲ, ಹೊಸ ಕರ್ನಲ್ ಸರಿಯಾದ ಜಾಗದಲ್ಲೇ ಇದ್ದುದರಿಂದ ಗ್ರಬ್‌ಗೆ ಹೊಸ ವಿಳಾಸ ತಿಳಿಸಿದರೆ ಸಾಕು. ಆದರೆ ಎದ್ದಿದ್ದ ಹಳೆಯ ಕರ್ನಲ್‌ಗೆ ಫ್ಯಾಟ್ ಓದಲು ಬಾರದು. ಗ್ರಬ್ ಇರುವುದು ಫ್ಯಾಟ್‌ನಲ್ಲಿ. ಆದುದರಿಂದ ಸ್ಥಾಪನೆಗೆ ಬಳಸಿದ್ದ ಯುಎಸ್‌ಬಿ ಕಡ್ಡಿಯಿಂದ ಯಂತ್ರವನ್ನು ಎಬ್ಬಿಸಿ, ಮೂಲವನ್ನು ‘/ಎಂಎನ್‌ಟಿ’ ಎಂಬಲ್ಲಿಯೂ, ಬೂಟನ್ನು ‘/ಎಂಎನ್‌ಟಿ/ಬೂಟ್’ ಎಂಬಲ್ಲಿಯೂ, ಫರ್ಮ್‌ವೇರಿನದನ್ನು ‘/ಎಂಎನ್‌ಟಿ/ಬೂಟ್/ಇಎಫ್‌ಐ’ ಎಂಬಲ್ಲಿಯೂ ಅದೇ ಕ್ರಮದಲ್ಲಿ ಮೌಂಟ್ ಮಾಡಿದೆ. ‘ಆರ್ಚ್-ಸಿಎಚ್‌ರೂಟ್’ ಎಂಬ ಆಜ್ಞೆಯಿಂದ ಆ ವ್ಯವಸ್ಥೆಯೊಳಕ್ಕೆ ಹೊಕ್ಕು, ಗ್ರಬ್ಬನ್ನು ಮತ್ತೆ ಸ್ಥಾಪಿಸಿ, ಅದರ ಪಟ್ಟಿಯನ್ನು ಹೊಸದಾಗಿ ಬರೆಸಿದೆ. ಮೊದಲ ಯಂತ್ರ ಎದ್ದಾಗ ಆ ಅಕ್ಕ ಕುರ್ಚಿಯ ಹಿಂದೆ ನಿಂತಿದ್ದರು. ತಮ್ಮ ಫೈಲು ತೆರೆದುಕೊಂಡು, ಕೊನೆಯ ಪುಟದವರೆಗೆ ನೋಡಿ, ಒಂದು ಮಾತೂ ಆಡದೆ ಮುದ್ರಣಕ್ಕೆ ಕೊಟ್ಟರು. ಎಂಟನೆಯ ಯಂತ್ರ ಎದ್ದಾಗ ಎರಡು ಗಂಟೆ ದಾಟಿತ್ತು. ನಾಲ್ಕರೊಳಗೆ ಎಲ್ಲ ಪ್ರಬಂಧಗಳೂ ಒಪ್ಪಿಸಲ್ಪಟ್ಟುವು.

ಆ ರಾತ್ರಿಯೇ ಸ್ಕ್ರಿಪ್ಟನ್ನು ಮತ್ತೆ ಬರೆದೆ. ಅದರಲ್ಲಿ ಸೇರಿಸಿದ ಕಟ್ಟುಪಾಡುಗಳನ್ನು, ಮುಂದೆ ಈ ಕೆಲಸಕ್ಕೆ ಕೈಹಾಕುವ ಮಿತ್ರರಿಗಾಗಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಸ್ಕ್ರಿಪ್ಟಿನ ತಲೆಯಲ್ಲಿಯೇ ‘ಸೆಟ್ -ಇ’, ‘ಸೆಟ್ -ಯು’ ಎಂದು ಬರೆಯಬೇಕು. ಒಂದನೆಯದರಿಂದ ಯಾವ ಆಜ್ಞೆ ಸೋತರೂ ಸ್ಕ್ರಿಪ್ಟು ಅಲ್ಲಿಯೇ ನಿಲ್ಲುತ್ತದೆ. ಎರಡನೆಯದರಿಂದ ಬೆಲೆ ಕೊಡದ ಅಡ್ಡಹೆಸರು ಕಂಡರೆ ನಿಲ್ಲುತ್ತದೆ. ಈ ಎರಡನೆಯದೊಂದೇ ಇದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಇವನ್ನೇ ನೆಚ್ಚಿಕೊಳ್ಳಬಾರದು. ‘ಹೀಗಾದರೆ ಹಾಗೆ ಮಾಡು’ ಎಂಬ ಷರತ್ತಿನೊಳಗೆ ಬಂದ ಸೋಲಿಗೆ ‘ಸೆಟ್ -ಇ’ ನಿಲ್ಲುವುದಿಲ್ಲ.

ಎರಡನೆಯದು, ಡಿಸ್ಕನ್ನು ಭಾಗ ಮಾಡಿದ ಒಡನೆಯೇ ಹೊಸ ಪಾರ್ಟಿಷನ್‌ಗಳ ಹೆಸರು ವ್ಯವಸ್ಥೆಯಲ್ಲಿ ಕಾಣಿಸಿಕೊಳ್ಳದೆ ಇರಬಹುದು. ಕೈಯಿಂದ ಒತ್ತುವಾಗ ನಮ್ಮ ನಿಧಾನವೇ ಅದಕ್ಕೆ ಸಮಯ ಕೊಡುತ್ತದೆ; ಸ್ಕ್ರಿಪ್ಟಿಗೆ ಆ ನಿಧಾನವಿಲ್ಲ. ‘ಯುಡೆವ್‌ಎಡಿಎಂ ಸೆಟಲ್’ ಎಂಬ ಆಜ್ಞೆಯಿಂದ ಅದನ್ನು ಕಾಯಿಸಬೇಕು. ಹೆಸರುಗಳ ರೀತಿಯಲ್ಲಿಯೂ ಭೇದವುಂಟು. ‘ಎಸ್‌ಡಿಎ’ ಎಂಬ ಡಿಸ್ಕಿನ ಎರಡನೆಯ ಭಾಗ ‘ಎಸ್‌ಡಿಎ೨’ ಆಗುತ್ತದೆ. ಹೊಸ ಬಗೆಯ ‘ಎನ್‌ವಿಎಂಇ೦ಎನ್೧’ ಎಂಬ ಡಿಸ್ಕಿನದಾದರೆ ನಡುವೆ ಒಂದು ‘ಪಿ’ ಬಂದು ‘ಎನ್‌ವಿಎಂಇ೦ಎನ್೧ಪಿ೨’ ಎಂದಾಗುತ್ತದೆ. ಒಂದು ಯಂತ್ರಕ್ಕೆ ಬರೆದುದು ಇನ್ನೊಂದಕ್ಕೆ ಒಗ್ಗದೆ ಹೋಗುವುದು ಇಂಥ ಕಡೆಯಲ್ಲಿ.

ಮೂರನೆಯದು, ಕ್ರಮ. ಮೊದಲು ಮೂಲ, ಅದರೊಳಗೆ ಬೂಟ್, ಅದರೊಳಗೆ ಇಎಫ್‌ಐ. ಒಳಗಿನ ಡೈರೆಕ್ಟರಿಯನ್ನು ಹೊರಗಿನದು ಕುಳಿತ ಮೇಲೆಯೇ ರಚಿಸಬೇಕು. ಬೂಟನ್ನು ಮೊದಲು ಕೂರಿಸಿ ಆಮೇಲೆ ಮೂಲವನ್ನು ಕೂರಿಸಿದರೆ, ಮೂಲ ಬಂದು ಬೂಟನ್ನು ಮುಚ್ಚಿಬಿಡುತ್ತದೆ. ಇಳಿಸುವಾಗ ಕ್ರಮ ತಿರುಗುಮುರುಗು. ‘ಯುಮೌಂಟ್’ ಆಜ್ಞೆಗೆ ದೊಡ್ಡಕ್ಷರದ ‘-ಆರ್’ ಸೇರಿಸಿದರೆ ಒಳಗಿನಿಂದ ಹೊರಕ್ಕೆ ಎಲ್ಲವನ್ನೂ ತಾನೇ ಇಳಿಸುತ್ತದೆ. ಸ್ಕ್ರಿಪ್ಟು ನಡುವೆ ನಿಂತರೂ ಇದು ನಡೆಯುವಂತೆ ‘ಟ್ರ್ಯಾಪ್’ ಎಂಬ ಆಜ್ಞೆಯಿಂದ ಮೊದಲೇ ಏರ್ಪಡಿಸಿಡುವುದು ಲೇಸು. ಇಲ್ಲವಾದರೆ ಮರುಸಲ ಓಡಿಸಿದಾಗ, ಬಳಕೆಯಲ್ಲಿರುವ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಲು ಯಂತ್ರ ಒಪ್ಪುವುದಿಲ್ಲ.

ನಾಲ್ಕನೆಯದು, ಇದೇ ಮುಖ್ಯವಾದುದು: ಪ್ರತಿ ಮೌಂಟ್ ಆದ ಮೇಲೂ ಆಗಿದೆಯೇ ಎಂದು ಕೇಳಬೇಕು. ‘ಮೌಂಟ್‌ಪಾಯಿಂಟ್ -ಕ್ಯೂ’ ಎಂಬ ಆಜ್ಞೆ, ಕೊಟ್ಟ ಡೈರೆಕ್ಟರಿಯ ಮೇಲೆ ಏನಾದರೂ ಕುಳಿತಿದೆಯೇ ಎಂಬುದನ್ನು ಹೇಳುತ್ತದೆ. ‘ಫೈಂಡ್‌ಎಂಎನ್‌ಟಿ’ ಎಂಬುದು ಕುಳಿತಿರುವುದು ಯಾವ ಪಾರ್ಟಿಷನ್ ಎಂಬುದನ್ನೂ ಹೇಳುತ್ತದೆ. ನಾವು ಉದ್ದೇಶಿಸಿದ ಹೆಸರೂ ಅದು ಹೇಳಿದ ಹೆಸರೂ ಒಂದೇ ಆದರೆ ಮಾತ್ರ ಮುಂದಿನ ಹೆಜ್ಜೆ. ಕರ್ನಲ್ ಸ್ಥಾಪನೆಯಾದ ಮೇಲೆ ಆ ಫೈಲು ನಿಜವಾಗಿ ಬೂಟ್ ಪಾರ್ಟಿಷನ್ನಿನಲ್ಲಿ ಇದೆಯೇ ಎಂದು ಇದರಿಂದಲೇ ಇನ್ನೊಮ್ಮೆ ನೋಡಬಹುದು.

ಐದನೆಯದು, ಎಫ್‌ಎಸ್‌ಟ್ಯಾಬನ್ನು ಕೈಯಿಂದ ಬರೆಯದೆ, ಈಗ ಕುಳಿತಿರುವುದನ್ನು ನೋಡಿ ಬರೆಯುವ ‘ಜೆನ್‌ಎಫ್‌ಎಸ್‌ಟ್ಯಾಬ್’ ಎಂಬ ಸಾಧನದಿಂದ ಬರೆಸಬೇಕು. ದೊಡ್ಡಕ್ಷರದ ‘-ಯು’ ಸೇರಿಸಿದರೆ ಅದು ಪಾರ್ಟಿಷನ್‌ಗಳನ್ನು ಹೆಸರಿನಿಂದಲ್ಲದೆ ಯುಯುಐಡಿ ಎಂಬ ಗುರುತು ಸಂಖ್ಯೆಯಿಂದ ಬರೆಯುತ್ತದೆ. ಡಿಸ್ಕುಗಳ ಹೆಸರು ಅದಲುಬದಲಾದರೂ ಗುರುತು ತಪ್ಪುವುದಿಲ್ಲ. ನಾನು ಪಟ್ಟಿಯಲ್ಲಿ ಬರೆದುದು ಒಂದು, ನಿಜವಾಗಿ ನಡೆದುದು ಇನ್ನೊಂದು. ಈ ಸಾಧನವನ್ನು ಬಳಸಿದ್ದರೆ ಪಟ್ಟಿಯಲ್ಲಿ ಬೂಟ್‌ನ ಸಾಲೇ ಇರುತ್ತಿರಲಿಲ್ಲ. ಆ ಕೊರತೆಯೇ ತಪ್ಪನ್ನು ತೋರಿಸಿಕೊಡುತ್ತಿತ್ತು.

ಕೊನೆಯದಾಗಿ ಒಂದು ಉಪಾಯ. ಬೂಟ್ ಪಾರ್ಟಿಷನ್ನನ್ನು ಕೂರಿಸುವ ಮೊದಲು, ಮೂಲ ಪಾರ್ಟಿಷನ್ ‘ಎಕ್ಸ್ಟ್೪’ ರೀತಿಯದಾಗಿದ್ದರೆ, ಖಾಲಿ ‘/ಬೂಟ್’ ಡೈರೆಕ್ಟರಿಯನ್ನು ಯಾರೂ ಬದಲಿಸದಂತೆ ಬಂಧಿಸಿಡಬಹುದು. ಅದಕ್ಕೆ ‘ಸಿ-ಎಚ್-ಎ-ಟಿ-ಟಿ-ಆರ್’ ಎಂಬ ಆಜ್ಞೆಯನ್ನು ‘+ಐ’ ಎಂಬ ಗುರುತಿನೊಡನೆ ಕೊಡಬೇಕು. ಅದರ ಮೇಲೆ ಪಾರ್ಟಿಷನ್ ಕೂರುವುದಕ್ಕೆ ಅಡ್ಡಿಯಿಲ್ಲ. ಆದರೆ ಪಾರ್ಟಿಷನ್ ಕೂರದೆ ಇದ್ದಾಗ ಅಲ್ಲಿ ಬರೆಯಲು ಹೋದರೆ ಆ ಕೂಡಲೇ ತಡೆಯುಂಟಾಗುತ್ತದೆ. ಎಲೆ ಇಲ್ಲದ ಕಡೆ ಅನ್ನ ಬೀಳುವುದೇ ಇಲ್ಲ.

ಆರ್ಚ್ ಲಿನಕ್ಸ್‌ನ ಸ್ಥಾಪನಾ ಕಡ್ಡಿಯಲ್ಲಿ ೨೦೨೧ರಿಂದ ‘ಆರ್ಚ್‌ಇನ್‌ಸ್ಟಾಲ್’ ಎಂಬ ಸಿದ್ಧ ಕಾರ್ಯಕ್ರಮವೇ ಇದೆ. ಅದನ್ನು ಬಳಸಿದ್ದರೆ ಇಷ್ಟು ಫಜೀತಿಯಿರುತ್ತಿರಲಿಲ್ಲವಲ್ಲ ಎಂದು ಸ್ನೇಹಿತರು ಕೇಳಿದ್ದಾರೆ. ನಿಜವೇ. ಆದರೆ ಆಗ ಗುಂಡಿ ಒತ್ತಿದ ಮೇಲಿನ ಅರ್ಧ ನಿಮಿಷದ ಕಥೆ ನನಗೆ ತಿಳಿಯುತ್ತಿರಲಿಲ್ಲ. ನನ್ನ ತಪ್ಪು ಕೈಯಿಂದ ಮಾಡಿದುದರಲ್ಲಿ ಇರಲಿಲ್ಲ. ಮಾಡಿದುದು ಆಗಿದೆಯೇ ಎಂದು ನೋಡದೆ ಇದ್ದುದರಲ್ಲಿ ಇತ್ತು. ಒಂದು ಯಂತ್ರಕ್ಕೆ ಕೈಯಿಂದ ಮಾಡುವವನ ಅಜಾಗರೂಕತೆ ಒಂದೇ ಯಂತ್ರವನ್ನು ಕೆಡಿಸುತ್ತದೆ. ಸ್ಕ್ರಿಪ್ಟು ಬರೆಯುವವನದು ಎಂಟನ್ನೂ ಕೆಡಿಸುತ್ತದೆ, ಅದೂ ಎರಡು ತಿಂಗಳು ಕಾದು, ಇನ್ನೊಬ್ಬರ ಅರವತ್ತು ಪುಟಗಳನ್ನು ಪಣಕ್ಕಿಟ್ಟು. ಯಂತ್ರ ಎದ್ದು ನಿಂತಿತೆಂಬುದೇ ಕೆಲಸ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ.

ಈಗ ಎಂಟೂ ಯಂತ್ರಗಳು ಚೆನ್ನಾಗಿವೆ. ಪ್ರತಿ ನವೀಕರಣದ ಮೊದಲು ನಾನು ‘ಫೈಂಡ್‌ಎಂಎನ್‌ಟಿ’ ಒತ್ತಿ ನೋಡುತ್ತೇನೆ. ಅಧ್ಯಾಪಕರು ಆ ಕಡೆ ಹಾದುಹೋಗುವಾಗ ಬಾಗಿಲಲ್ಲಿ ನಿಂತು, “ಎಲೆ ಹಾಕಿದೆಯೇನಯ್ಯಾ?” ಎಂದು ಕೇಳುತ್ತಾರೆ. “ಹಾಕಿದೆ ಸಾರ್, ನೋಡಿದೆ” ಎನ್ನುತ್ತೇನೆ.